ಅಟ್ಲಾಂಟಿಕ್ ಅಂಚಿನ ಆಸ್ಕರ್ನಿಶ್: ಹೆಬ್ರಿಡೀಸ್ ದ್ವೀಪದ ಗಾಲ್ಫ್ ಕೋರ್ಸ್‌ಗೆ ಹೋಗಿಬರಲು ಸಮಗ್ರ ಮಾರ್ಗದರ್ಶಿ

ಆಸ್ಕರ್ನಿಶ್‌ಗೆ ಹೊರಡುವ ಗಾಲ್ಫ್ ಆಟಗಾರರು ಬಹುಮಟ್ಟಿಗೆ ಮೊದಲು ಟೀ ಟೈಮ್ (ಆಟ ಶುರುಮಾಡಲು ಗೊತ್ತುಮಾಡಿದ ಹೊತ್ತು) ಕಾಯ್ದಿರಿಸಿ, ಆಮೇಲೆ ಅದಕ್ಕೆ ಹೊಂದುವ ವಿಮಾನ, ಹಡಗು, ಕೋಣೆಗಳನ್ನು ಹುಡುಕುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ. ಅದು ಸೆಪ್ಟೆಂಬರ್ ತಿಂಗಳ ಕೊನೆಯ ವಾರ; ಹಡಗು ಇಳಿದ ಎರಡು ಗಂಟೆಯಲ್ಲಿ ಆಟ ಶುರುಮಾಡಿ, ಮರುದಿನ ಮಧ್ಯಾಹ್ನ ದ್ವೀಪ ಬಿಡುವುದೆಂದು ಗಡಿಯಾರ ಹಿಡಿದು ಲೆಕ್ಕ ಹಾಕಿದ್ದೆ. ಆ ದಿನ ಗಾಳಿ ಎದ್ದು ಹಡಗೇ ಹೊರಡಲಿಲ್ಲ. ಮರುದಿನ ತಲುಪಿದಾಗ ಉಳಿದಿದ್ದ ಬೆಳಕಿನಲ್ಲಿ ಒಂಬತ್ತು ಹೋಲ್ ಆಡಿ ಹಿಂತಿರುಗಬೇಕಾಯಿತು. ಅಷ್ಟು ದೂರದ ಸಮುದ್ರದಲ್ಲಿ ಗಾಳಿ ಎದ್ದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ತಪ್ಪು ನನ್ನ ಲೆಕ್ಕದ್ದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕೆಲಸಗಳ ಕ್ರಮವನ್ನು ತಿರುವುಹಾಕಿದ್ದೇನೆ: ಮೊದಲು ತಿಂಗಳು, ನಂತರ ದ್ವೀಪದಲ್ಲಿ ಕಳೆಯುವ ರಾತ್ರಿಗಳ ಸಂಖ್ಯೆ, ಅನಂತರ ಹಡಗು ಅಥವಾ ವಿಮಾನ, ಕೊನೆಗೆ ಟೀ ಟೈಮ್.

ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಿಂದಾಚೆಗೆ, ಸ್ಕೈ ದ್ವೀಪವನ್ನೂ ದಾಟಿದ ಮೇಲೆ, ಉತ್ತರ–ದಕ್ಷಿಣವಾಗಿ ಸುಮಾರು 130 ಮೈಲಿ ಉದ್ದಕ್ಕೆ ಹರಡಿರುವ ದ್ವೀಪಗಳ ಸರಣಿಯೇ ಔಟರ್ ಹೆಬ್ರಿಡೀಸ್. ಅದರ ದಕ್ಷಿಣ ಭಾಗದಲ್ಲಿರುವ ಸೌತ್ ಯುಯಿಸ್ಟ್ ದ್ವೀಪದಲ್ಲಿ 2011ರ ಜನಗಣತಿಯ ಪ್ರಕಾರ ಇದ್ದವರು 1,754 ಮಂದಿ. ದ್ವೀಪದ ಪೂರ್ವಕ್ಕೆ ಬೆಟ್ಟ ಮತ್ತು ಪೀಟ್ (ಅರೆಕೊಳೆತ ಸಸ್ಯಗಳ ಮಣ್ಣು) ಜೌಗು. ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಮೈಲಿ ಉದ್ದಕ್ಕೂ ಬಿಳಿಯ ಮರಳ ದಂಡೆ. ಈ ಎರಡರ ನಡುವಿನ ಹುಲ್ಲುಬಯಲನ್ನು ಗೇಲಿಕ್ ಭಾಷೆಯಲ್ಲಿ ಮಖರ್ ಎನ್ನುತ್ತಾರೆ. ಅಟ್ಲಾಂಟಿಕ್ ಅಲೆಗಳು ಅರೆದು ತಂದ ಚಿಪ್ಪಿನ ಪುಡಿಯನ್ನು ಗಾಳಿ ಒಳನಾಡಿಗೆ ತೂರಿ ತೂರಿ ಆದ ಮಣ್ಣು ಅದು. ಸುಣ್ಣದ ಅಂಶ ಹೆಚ್ಚಿರುವುದರಿಂದ ಹೂ, ಹುಲ್ಲು ಎರಡೂ ಹುಲುಸಾಗಿ ಬೆಳೆಯುತ್ತವೆ. ಮರಳಾದ್ದರಿಂದ ಎಷ್ಟು ಮಳೆ ಬಂದರೂ ನೀರು ಬೇಗ ಇಂಗುತ್ತದೆ. ನಮ್ಮ ಕರಾವಳಿಯವರಿಗೆ ಮರಳುದಿಬ್ಬ ಹೊಸದಲ್ಲ. ಆದರೆ ಗಾಳಿಮರ, ತೆಂಗು ಒಂದೂ ಇಲ್ಲದೆ, ಮೊಣಕಾಲೆತ್ತರದ ಹುಲ್ಲೊಂದೇ ಹೊದ್ದುಕೊಂಡು ಮೂವತ್ತು ನಲವತ್ತು ಅಡಿ ಏರಿ ಇಳಿಯುವ ದಿಬ್ಬಗಳು ನೋಡಿದವರಿಗೇ ಗೊತ್ತು.

ಈ ಮಖರ್ ಮೇಲೆ 1891ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಟಾಮ್ ಮಾರಿಸ್ ಆಸ್ಕರ್ನಿಶ್‌ನ ಹದಿನೆಂಟು ಹೋಲ್‌ಗಳ ಕೋರ್ಸ್ ಗುರುತಿಸಿದರು. ಆಗ ಅವರಿಗೆ ಎಪ್ಪತ್ತು ವರ್ಷ. ಓಪನ್ ಚಾಂಪಿಯನ್‌ಶಿಪ್ಪನ್ನು ನಾಲ್ಕು ಸಲ ಗೆದ್ದವರು. ಕರೆಸಿದವರು ದ್ವೀಪದ ಒಡತಿ ಲೇಡಿ ಗಾರ್ಡನ್ ಕ್ಯಾಥ್‌ಕಾರ್ಟ್. ಮುಂದಿನ ದಶಕಗಳಲ್ಲಿ ಕೋರ್ಸಿನ ಬಹುಭಾಗ ಆಟವಿಲ್ಲದೆ ಹುಲ್ಲಿನಡಿ ಮರೆಯಾಯಿತು. 1930ರ ದಶಕದಲ್ಲಿ ಅಲ್ಲಿನ ಸಮತಟ್ಟು ಜಾಗದಲ್ಲಿ ಸಣ್ಣ ವಿಮಾನಗಳು ಇಳಿಯುತ್ತಿದ್ದುದೂ ಉಂಟು. 2005ರಲ್ಲಿ ಗಾರ್ಡನ್ ಇರ್ವಿನ್ ಎಂಬ ಹುಲ್ಲುಹಾಸು ತಜ್ಞರು ಬಂದು ದಿಬ್ಬಗಳ ನಡುವೆ ನಡೆದು, ಮಾರಿಸ್ ಕಂಡಿದ್ದ ಭೂಮಿ ಇದೇ ಎಂದು ಗುರುತಿಸಿದ ಮೇಲೆ, ಮಾರ್ಟಿನ್ ಎಬರ್ಟ್ ಅವರ ವಿನ್ಯಾಸದಲ್ಲಿ 2008ರ ಆಗಸ್ಟ್‌ನಲ್ಲಿ ಕೋರ್ಸ್ ಮತ್ತೆ ತೆರೆಯಿತು. ಮಾರಿಸ್ ಬರೆದಿಟ್ಟ ನಕ್ಷೆ ಸಿಕ್ಕಿರಲಿಲ್ಲ. ಹೀಗಾಗಿ ಇಂದಿನ ಯಾವ ಹೋಲ್ ಅವರದ್ದು, ಯಾವುದು ನಮ್ಮ ಕಾಲದವರ ಊಹೆ ಎಂಬ ವಾದಕ್ಕೆ ಕೊನೆಯಿಲ್ಲ. ನನ್ನ ಮಟ್ಟಿಗೆ ಆ ವಾದ ಅಷ್ಟು ಮುಖ್ಯವಲ್ಲ. ಬುಲ್‌ಡೋಜರ್ ಹಚ್ಚದೆ, ನೆಲ ಇದ್ದ ಹಾಗೆ ಬಿಟ್ಟು, ಹುಲ್ಲು ಕತ್ತರಿಸಿಯೇ ಕೋರ್ಸ್ ಬಿಡಿಸಿದರಲ್ಲ, ಮಾರಿಸ್ ಕಾಲದ ಪದ್ಧತಿಯೂ ಅದೇ ಆಗಿತ್ತು.

ಮೊದಲ ಹಂತ: ತಿಂಗಳು

ಮೇ ತಿಂಗಳಿಂದ ಸೆಪ್ಟೆಂಬರ್ ನಡುವೆ ಹೋಗಬೇಕು. ಅದರಲ್ಲೂ ನನ್ನ ಆಯ್ಕೆ ಮೇ ಕೊನೆಯಿಂದ ಜುಲೈ ನಡುವಿನ ದಿನಗಳು. ದ್ವೀಪ 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಜೂನ್ ನಡುವಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆಯ ಸುಮಾರಿಗೆ. ಅದಾದ ಮೇಲೂ ಒಂದು ಗಂಟೆ ಮಂದ ಬೆಳಕು ಉಳಿದಿರುತ್ತದೆ. ಇದು ಕಣ್ಣಿಗೆ ಹಬ್ಬ ಎನ್ನುವುದಕ್ಕಿಂತ ಹೆಚ್ಚಿನ ಅನುಕೂಲ: ಬೆಳಗ್ಗೆ ಮಳೆ ಬಂದರೆ ಮಧ್ಯಾಹ್ನ, ಮಧ್ಯಾಹ್ನ ಗಾಳಿ ಜೋರಾದರೆ ಸಂಜೆ ಆರಕ್ಕೆ ಆಟ ಶುರುಮಾಡಿದರೂ ಹದಿನೆಂಟು ಹೋಲ್ ಮುಗಿಸಬಹುದು. ಜೂನ್–ಜುಲೈಯಲ್ಲಿ ಮಖರ್ ತುಂಬ ಹೂವು. ಆಗಸ್ಟ್ ಹೊತ್ತಿಗೆ ಹುಲ್ಲು ಬೆಳೆದು ಚೆಂಡು ಹುಡುಕುವುದು ಕಷ್ಟವಾಗುತ್ತದೆ. ಅಕ್ಟೋಬರ್ ಬಂತೆಂದರೆ ಹಗಲು ಕಿರಿದಾಗಿ ಬಿರುಗಾಳಿಯ ಕಾಲ ಶುರು. ಚಳಿಗಾಲದಲ್ಲಿ ಈ ನೆಲ ದನ ಕುರಿಗಳ ಮೇವಿಗೆ ಸಲ್ಲುತ್ತದೆ.

ಬೇಸಿಗೆ ಎಂದಾಕ್ಷಣ ನಮ್ಮ ಬೇಸಿಗೆ ನೆನೆಯಬಾರದು. ಜುಲೈ ಮಧ್ಯಾಹ್ನದ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ. ಗಾಳಿ ಸೇರಿದರೆ ಮಡಿಕೇರಿಯ ಜುಲೈ ಇದಕ್ಕಿಂತ ಬೆಚ್ಚಗೆ ಅನ್ನಿಸುತ್ತದೆ.

ಎರಡನೆಯ ಹಂತ: ರಾತ್ರಿಗಳ ಲೆಕ್ಕ

ದ್ವೀಪದಲ್ಲಿ ಕನಿಷ್ಠ ಮೂರು ರಾತ್ರಿ, ಸಾಧ್ಯವಾದರೆ ನಾಲ್ಕು. ಇದರ ಹಿಂದಿನ ಲೆಕ್ಕ ಸರಳ. ಹೋಗುವಾಗ ಹಡಗು ಒಂದು ದಿನ ತಪ್ಪಬಹುದು. ತಲುಪಿದ ಮೇಲೆ ಒಂದು ದಿನ ಆಡಲಾಗದಂಥ ಗಾಳಿ ಬೀಸಬಹುದು. ಉಳಿದ ದಿನಗಳಲ್ಲಿ ಒಂದಾದರೂ ಒಳ್ಳೆಯದಾಗಿ ಸಿಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಎರಡು ಸುತ್ತು ಆಡಬಹುದು, ಆಡಲೇಬೇಕು. ಈ ಕೋರ್ಸಿನ ಮೊದಲ ಸುತ್ತು ದಾರಿ ತಿಳಿಯುವುದರಲ್ಲೇ ಕಳೆಯುತ್ತದೆ. ಇದಲ್ಲದೆ, ದ್ವೀಪದಿಂದ ಮರಳಿದ ಮರುದಿನವೇ ಗ್ಲಾಸ್ಗೋ ಅಥವಾ ಲಂಡನ್ನಿನಿಂದ ಭಾರತಕ್ಕೆ ಹಾರುವ ವಿಮಾನ ಇಟ್ಟುಕೊಳ್ಳಬೇಡಿ. ನಡುವೆ ಒಂದು ರಾತ್ರಿಯನ್ನು ಮುಖ್ಯಭೂಮಿಯಲ್ಲಿ ಕಳೆಯುವ ಹಾಗೆ ಟಿಕೆಟ್ ಮಾಡಿಸಿದರೆ ಆ ಒಂದು ಹೋಟೆಲ್ ಬಾಡಿಗೆಯಲ್ಲಿ ಎಷ್ಟೋ ದೊಡ್ಡ ನಷ್ಟ ತಪ್ಪುತ್ತದೆ.

ಸೌತ್ ಯುಯಿಸ್ಟ್‌ನಲ್ಲಿ ದೊಡ್ಡ ಹೋಟೆಲುಗಳಿಲ್ಲ. ಲಾಕ್‌ಬಾಯ್ಸ್‌ಡೇಲ್ ಬಂದರು ಮತ್ತು ಕೋರ್ಸಿಗೆ ಹತ್ತಿರದ ಡಾಲಿಬರ್ಗ್ ಊರಿನ ಸುತ್ತಮುತ್ತ ಒಂದೆರಡು ಸಣ್ಣ ಹೋಟೆಲು, ಕೆಲವು ಮನೆವಾಸ್ತವ್ಯ, ಅಡುಗೆಮನೆ ಸಹಿತ ಬಾಡಿಗೆ ಮನೆಗಳು ಸಿಗುತ್ತವೆ. ಕೋಣೆಗಳ ಸಂಖ್ಯೆಯೇ ಕಡಿಮೆಯಾದ್ದರಿಂದ ಬೇಸಿಗೆಗೆ ಐದಾರು ತಿಂಗಳು ಮೊದಲೇ ಹುಡುಕಬೇಕು. ಸಸ್ಯಾಹಾರಿಗಳಿಗೆ ಅಡುಗೆಮನೆ ಇರುವ ಮನೆಯನ್ನೇ ಹಿಡಿಯುವಂತೆ ಒತ್ತಾಯಿಸಿ ಹೇಳುತ್ತೇನೆ.

ಮೂರನೆಯ ಹಂತ: ವೀಸಾ ಮತ್ತು ಕಾಗದಪತ್ರ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಪ್ರಯಾಣದ ದಿನಕ್ಕಿಂತ ಮೂರು ತಿಂಗಳಿಗೂ ಮೊದಲು ಅರ್ಜಿ ಹಾಕಲು ಬರುವುದಿಲ್ಲ. ಬೆರಳಚ್ಚು ಕೊಡುವ ಕೇಂದ್ರ ಬೆಂಗಳೂರಿನಲ್ಲೇ ಇದೆ. ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ ಎನ್ನುತ್ತಾರಾದರೂ ಬೇಸಿಗೆ ರಜೆಯ ಹೊತ್ತಿಗೆ ಇನ್ನೆರಡು ವಾರ ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ. ವಾಸದ ಕೋಣೆ ಐದಾರು ತಿಂಗಳು ಮೊದಲು, ವೀಸಾ ಮೂರು ತಿಂಗಳೊಳಗೆ — ಈ ಎರಡರ ನಡುವೆ ಅಂತರ ಬೀಳುವುದರಿಂದ, ರದ್ದುಮಾಡಿದರೆ ಹಣ ಮರಳುವಂಥ ಕೋಣೆಯನ್ನೇ ಆರಿಸಿ. ಭಾರತದ ಚಾಲನಾ ಪರವಾನಗಿಯಲ್ಲಿ ಬ್ರಿಟನ್ನಿಗೆ ಬಂದ ದಿನದಿಂದ 12 ತಿಂಗಳವರೆಗೆ ಕಾರು ಓಡಿಸಬಹುದು. ಆದರೂ ಎಷ್ಟು ವರ್ಷದ ಅನುಭವ, ಎಷ್ಟು ವಯಸ್ಸು ಎಂಬುದರ ಮೇಲೆ ಬಾಡಿಗೆ ಕಾರಿನವರ ಷರತ್ತು ಬೇರೆ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ನಿಮ್ಮ ಕ್ಲಬ್ಬಿನಿಂದ ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ತೋರಿಸುವ ಅಂಕ) ದಾಖಲೆಯ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳಿ. ಪ್ರಯಾಣವಿಮೆಯಲ್ಲಿ ಗಾಲ್ಫ್ ಸಲಕರಣೆಯೂ, ಹಡಗು ತಪ್ಪಿ ಉಳಿದ ಪ್ರಯಾಣ ಕೆಟ್ಟರೆ ಆಗುವ ಖರ್ಚೂ ಸೇರಿದೆಯೇ ಎಂದು ಓದಿ ನೋಡಬೇಕು.

ನಾಲ್ಕನೆಯ ಹಂತ: ದ್ವೀಪ ತಲುಪುವ ದಾರಿ

ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನವಿದೆ. ದುಬೈ ಮೂಲಕ ಹೋದರೆ ಲಂಡನ್ ತಪ್ಪಿಸಿ ಗ್ಲಾಸ್ಗೋದಲ್ಲೇ ಇಳಿಯಬಹುದು. ಗಾಲ್ಫ್ ಚೀಲ ಹೊತ್ತವರಿಗೆ ಎರಡನೆಯದೇ ವಾಸಿ. ಗ್ಲಾಸ್ಗೋದಿಂದ ಮುಂದಕ್ಕೆ ಮೂರು ದಾರಿಗಳಿವೆ.

ಬೇಗ ತಲುಪಬೇಕಾದವರಿಗೆ ಗ್ಲಾಸ್ಗೋದಿಂದ ಬೆನ್‌ಬೆಕ್ಯುಲಾಗೆ ಲೋಗನ್‌ಏರ್ ವಿಮಾನ. ಸುಮಾರು ಒಂದು ಗಂಟೆ. ಬೆನ್‌ಬೆಕ್ಯುಲಾ ಪಕ್ಕದ ದ್ವೀಪ. ಸೇತುವೆ ರಸ್ತೆಯಿಂದ ಸೌತ್ ಯುಯಿಸ್ಟ್‌ಗೆ ಜೋಡಿಸಿಕೊಂಡಿದೆ. ಅಲ್ಲಿಂದ ಆಸ್ಕರ್ನಿಶ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಇದು ಪ್ರೊಪೆಲ್ಲರ್ ವಿಮಾನ, ಸಾಮಾನಿನ ಜಾಗ ಸೀಮಿತ. ಗಾಲ್ಫ್ ಚೀಲವಿದೆಯೆಂದು ಟಿಕೆಟ್ ತೆಗೆಯುವಾಗಲೇ ತಿಳಿಸಿ ಜಾಗ ಖಾತರಿ ಮಾಡಿಕೊಳ್ಳದಿದ್ದರೆ ನೀವು ಒಂದು ವಿಮಾನದಲ್ಲಿ, ನಿಮ್ಮ ಕ್ಲಬ್‌ಗಳು ಮರುದಿನದ ವಿಮಾನದಲ್ಲಿ ಬರುವ ಸಂಭವವಿದೆ.

ಎರಡನೆಯದು ಮ್ಯಾಲೇಗ್ ದಾರಿ. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಮ್ಯಾಲೇಗ್‌ಗೆ ರೈಲಿನಲ್ಲಿ ಐದು ಗಂಟೆಗೂ ಸ್ವಲ್ಪ ಹೆಚ್ಚು. 21 ಕಮಾನುಗಳ ಗ್ಲೆನ್‌ಫಿನನ್ ಸೇತುವೆಯನ್ನು ದಾಟುವುದು ಇದೇ ರೈಲು. ಮ್ಯಾಲೇಗ್‌ನಿಂದ ಲಾಕ್‌ಬಾಯ್ಸ್‌ಡೇಲ್‌ಗೆ ಕ್ಯಾಲ್‌ಮ್ಯಾಕ್ ಕಂಪನಿಯ ಹಡಗಿನಲ್ಲಿ ಮೂರೂವರೆ ಗಂಟೆ. ಇಳಿದರೆ ಕೋರ್ಸ್ ಐದೇ ಮೈಲಿ. ನಕ್ಷೆಯಲ್ಲಿ ನೋಡಿದವರಿಗೆ ಇದಕ್ಕಿಂತ ಹತ್ತಿರದ ದಾರಿ ಕಾಣುವುದಿಲ್ಲ. ಆದರೆ ತೆರೆದ ಸಮುದ್ರದಲ್ಲಿ ಹಾದು ಹೋಗುವ ಈ ಮಾರ್ಗಕ್ಕೇ ಗಾಳಿಯ ಕಾಟ ಹೆಚ್ಚು. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು. ಅಲೆಯೆದ್ದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಮೂರನೆಯದು ಸ್ಕೈ ದ್ವೀಪದ ಊಗ್ ಬಂದರಿನಿಂದ ನಾರ್ತ್ ಯುಯಿಸ್ಟ್‌ನ ಲಾಕ್‌ಮ್ಯಾಡಿಗೆ ಹೋಗುವ ಹಡಗು: ಒಂದೂಮುಕ್ಕಾಲು ಗಂಟೆ. ಅಲ್ಲಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ. ಗ್ಲಾಸ್ಗೋ ಅಥವಾ ಎಡಿನ್‌ಬರೋದಲ್ಲಿ ನೆಲೆಸಿದ ಕನ್ನಡಿಗ ಬಂಧುಗಳ ಕಾರು ಸಿಕ್ಕವರಿಗೂ, ಮುಖ್ಯಭೂಮಿಯಲ್ಲೇ ಕಾರು ಬಾಡಿಗೆಗೆ ಹಿಡಿದವರಿಗೂ ನಾನು ಸೂಚಿಸುವುದು ಇದನ್ನೇ. ಸಮುದ್ರದ ಮೇಲಿನ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. ದಾರಿ ಸುತ್ತು ಎಂಬುದು ನಿಜ, ಆದರೆ ಸುತ್ತಿ ಹೋದರೂ ಹೊತ್ತಿಗೆ ಸರಿಯಾಗಿ ತಲುಪುವ ದಾರಿ. ಹಡಗಿನಲ್ಲಿ ಕಾರಿಗೆ ಜಾಗವನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ನಡೆದು ಹತ್ತುವವರಿಗೆ ಆ ತೊಂದರೆ ಕಡಿಮೆ. ಮೊಬೈಲ್ ಸಂಖ್ಯೆ ಕೊಟ್ಟಿದ್ದರೆ ಹಡಗು ರದ್ದಾದ ಸುದ್ದಿ ಸಂದೇಶದಲ್ಲಿ ಬರುತ್ತದೆ. ಹಿಂದಿನ ಸಂಜೆಯೂ ಹೊರಡುವ ಬೆಳಗ್ಗೆಯೂ ಅದನ್ನು ನೋಡಿಕೊಳ್ಳದೆ ಬಂದರಿಗೆ ಹೊರಡಬಾರದು.

ಐದನೆಯ ಹಂತ: ಟೀ ಟೈಮ್

ಈಗ ಕ್ಲಬ್ಬಿನ ಜಾಲತಾಣದಲ್ಲಿ ಟೀ ಟೈಮ್ ನೋಡಿ. ತಲುಪುವ ದಿನಕ್ಕೂ ಹೊರಡುವ ದಿನಕ್ಕೂ ಬೇಡ. ನಡುವಿನ ದಿನಗಳಲ್ಲಿ ಎರಡನ್ನು ಹಿಡಿಯಿರಿ. ಆ ದಿನಗಳಲ್ಲಿ ಕ್ಲಬ್ಬಿನ ಸ್ಪರ್ಧೆಯೇನಾದರೂ ಇದೆಯೇ, ಕ್ಲಬ್‌ಹೌಸ್ ಎಷ್ಟು ಹೊತ್ತು ತೆರೆದಿರುತ್ತದೆ, ತಳ್ಳುಗಾಡಿ ಸಿಗುತ್ತದೆಯೇ ಎಂದು ಒಂದು ಇಮೇಲ್‌ನಲ್ಲಿ ಕೇಳಿ. ಬೆಂಗಳೂರಿನಲ್ಲಿ ಚೀಲ ಹೊರಲು ಕ್ಯಾಡಿ ಇರುತ್ತಾರೆ, ಚೆಂಡು ಬಿದ್ದ ಜಾಗ ತೋರಿಸಲು ಮುಂದೆ ಓಡುವವರೂ ಇರುತ್ತಾರೆ. ಇಲ್ಲಿ ಹೊರುವವರೂ ಹುಡುಕುವವರೂ ನೀವೇ ಎಂದು ಎಣಿಸಿಕೊಂಡು ಬನ್ನಿ. 14 ಕ್ಲಬ್‌ಗಳ ಪೂರ್ತಿ ಸೆಟ್ಟಿನ ಬದಲು ಹತ್ತನ್ನು ಆರಿಸಿ ಹಗುರ ಚೀಲದಲ್ಲಿ ತಂದರೆ ಹದಿನಾಲ್ಕನೆಯ ಹೋಲಿನಲ್ಲಿ ನಿಮ್ಮ ಭುಜ ನಿಮಗೆ ಕೃತಜ್ಞವಾಗಿರುತ್ತದೆ. ಬಿಡಬೇಕಾದವು ಲಾಬ್ ವೆಜ್ (ಹತ್ತಿರದಿಂದ ಚೆಂಡನ್ನು ಕಡಿದಾಗಿ ಮೇಲೆತ್ತುವ ಕ್ಲಬ್) ಮತ್ತು ಎತ್ತರಕ್ಕೆ ಹೊಡೆಯುವ ಫೇರ್‌ವೇ ವುಡ್. ಏಕೆಂಬುದು ಮುಂದೆ ತಿಳಿಯುತ್ತದೆ.

ಭಾನುವಾರದ ವಿಷಯವೊಂದು ಹೇಳಬೇಕು. ಉತ್ತರದ ಲೂಯಿಸ್ ಮತ್ತು ಹ್ಯಾರಿಸ್‌ನಲ್ಲಿ ಕಟ್ಟುನಿಟ್ಟಿನ ಪ್ರೆಸ್ಬಿಟೇರಿಯನ್ ಸಂಪ್ರದಾಯ. ಹ್ಯಾರಿಸ್‌ನ ಕೋರ್ಸಿನಲ್ಲಿ ಭಾನುವಾರ ಆಟವಿಲ್ಲ. ಸೌತ್ ಯುಯಿಸ್ಟ್ ಬಹುಪಾಲು ಕ್ಯಾಥೊಲಿಕ್ ದ್ವೀಪ. ಭಾನುವಾರ ಪೂಜೆ ಮುಗಿಸಿ ಬಂದು ಆಡುವುದಕ್ಕೆ ಅಡ್ಡಿಯಿಲ್ಲ. ಎರಡೂ ದ್ವೀಪಗಳಲ್ಲಿ ಆಡುವ ಆಸೆಯಿದ್ದರೆ ಭಾನುವಾರವನ್ನು ಆಸ್ಕರ್ನಿಶ್‌ಗೆ ಬರುವಂತೆ ಜೋಡಿಸಿ.

ಆರನೆಯ ಹಂತ: ಚೀಲ ಕಟ್ಟುವುದು

ಬಟ್ಟೆಯಲ್ಲಿ ಮೂರು ಪದರ: ಮೈಗಂಟುವ ಉಣ್ಣೆಯ ಬನಿಯನ್, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿಯನ್ನೂ ಮಳೆಯನ್ನೂ ತಡೆಯುವ ಜಾಕೆಟ್ ಮತ್ತು ಪ್ಯಾಂಟ್. ಕಿವಿ ಮುಚ್ಚುವ ಟೋಪಿ ಖಂಡಿತ ಬೇಕು; ಮುಂಚಾಚಿದ ಟೋಪಿ ಎರಡನೆಯ ಟೀ (ಹೋಲಿನ ಮೊದಲ ಹೊಡೆತದ ಜಾಗ) ಮುಟ್ಟುವುದರೊಳಗೆ ಹಾರಿರುತ್ತದೆ. ಕೊಡೆಯನ್ನು ಊರಲ್ಲೇ ಬಿಡಿ. ಒದ್ದೆಯಾದಾಗ ಹಿಡಿತ ಬಿಗಿಯುವ ಮಳೆಗವಸು ಒಂದು ಜೊತೆ, ಶೂ ಎರಡು ಜೊತೆ, ಚೆಂಡು ಒಂದು ಡಜನ್‌ಗೆ ಕಡಿಮೆಯಿಲ್ಲದಂತೆ.

ಶೂಗಳ ಅಡಿಯ ಮಣ್ಣನ್ನು ಹೊರಡುವ ಮೊದಲೇ ಉಜ್ಜಿ ತೊಳೆದು ಒಣಗಿಸಬೇಕು. ಆಸ್ಕರ್ನಿಶ್ ಕೋರ್ಸ್ ಇರುವುದು ರೈತರು ದನ ಕುರಿ ಮೇಯಿಸುವ ನೆಲದಲ್ಲಿ. ಕಾಲುಬಾಯಿ ಜ್ವರದಂಥ ರೋಗ ಇರುವ ನಾಡಿನಿಂದ ಹೋಗುವವರು ಅಂಟಿದ ಮಣ್ಣು ಹೊತ್ತೊಯ್ಯುವುದು ತರವಲ್ಲ. ಆಹಾರದ ವಿಚಾರದಲ್ಲೂ ಇದೇ ಎಚ್ಚರ: ಭಾರತದಿಂದ ಮಾಂಸ, ತುಪ್ಪ, ಪನೀರು, ಹಾಲಿನ ಪುಡಿ ಒಯ್ಯುವುದಕ್ಕೆ ಬ್ರಿಟನ್ನಿನಲ್ಲಿ ನಿಷೇಧವಿದೆ. ಅವಲಕ್ಕಿ, ಚಟ್ನಿಪುಡಿ, ಹುಣಸೆ ಗೊಜ್ಜು ಒಯ್ಯಿರಿ. ಬೇಳೆ, ಅಕ್ಕಿ, ತರಕಾರಿಯನ್ನು ಗ್ಲಾಸ್ಗೋದಲ್ಲಿ ಕೊಂಡರೆ ಅಗ್ಗ. ದ್ವೀಪದಲ್ಲೂ ದಿನಸಿ ಅಂಗಡಿಗಳಿವೆ, ಆದರೆ ಹಡಗು ಎರಡು ದಿನ ಬಾರದಿದ್ದರೆ ತರಕಾರಿ ಕಪಾಟು ಬರಿದಾಗುವುದು ಅಪರೂಪವಲ್ಲ.

ಉಣ್ಣಿಹುಳಗಳ ಬಗ್ಗೆ ಒಂದು ಮಾತು. ಯುಯಿಸ್ಟ್ ದ್ವೀಪಗಳಲ್ಲಿ ಉಣ್ಣಿಯಿಂದ ಹರಡುವ ಲೈಮ್ ಕಾಯಿಲೆ ಇದೆ. ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಉಣ್ಣಿಯ ಪಾಠ ಹೇಳಬೇಕಾಗಿಲ್ಲ: ಉದ್ದ ಪ್ಯಾಂಟು, ಅದನ್ನು ಕಾಲುಚೀಲದೊಳಗೆ ಸೇರಿಸುವುದು, ರಾತ್ರಿ ಸ್ನಾನದ ಹೊತ್ತಿಗೆ ಮೊಣಕಾಲ ಸಂದು, ಸೊಂಟ ನೋಡಿಕೊಳ್ಳುವುದು. ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಬಳೆ ಮೂಡಿದರೆ ಊರಿಗೆ ಬಂದ ಮೇಲಾದರೂ ವೈದ್ಯರಿಗೆ ತೋರಿಸಿ, ಎಲ್ಲಿಗೆ ಹೋಗಿದ್ದಿರೆಂದು ಹೇಳಬೇಕು.

ಏಳನೆಯ ಹಂತ: ದ್ವೀಪದ ರಸ್ತೆ

ನಮ್ಮ ಹಾಗೆಯೇ ಎಡಬದಿಯ ಚಾಲನೆ, ಹೀಗಾಗಿ ಅರ್ಧ ಭಯ ಮೊದಲೇ ಕಳೆಯುತ್ತದೆ. ಉಳಿದರ್ಧಕ್ಕೆ ಕಾರಣ ಒಂದೇ ವಾಹನದ ಅಗಲದ ರಸ್ತೆಗಳು. ಅಲ್ಲಲ್ಲಿ ಪಕ್ಕ ಕೊಡುವ ಉಬ್ಬುಜಾಗಗಳಿರುತ್ತವೆ. ಎದುರಿನಿಂದ ಗಾಡಿ ಬಂದಾಗ ಅಂಥ ಜಾಗ ನಿಮ್ಮ ಎಡಕ್ಕಿದ್ದರೆ ಅದರೊಳಗೆ ಸರಿಯಬೇಕು. ಬಲಕ್ಕಿದ್ದರೆ ಅದರ ನೇರಕ್ಕೆ ರಸ್ತೆಯಲ್ಲೇ ನಿಂತು ಎದುರಿನವರು ಸುತ್ತಿ ಹೋಗಲು ಬಿಡಬೇಕು, ಯಾವ ಕಾರಣಕ್ಕೂ ಬಲಕ್ಕೆ ದಾಟಬಾರದು. ಹಿಂದೆ ಬರುವ ಊರಿನವರಿಗೂ ಅಲ್ಲಿ ದಾರಿ ಬಿಡುವುದು ರೂಢಿ. ಅವರು ಹಡಗು ಹಿಡಿಯಲು, ಶಾಲೆಯಿಂದ ಮಕ್ಕಳನ್ನು ತರಲು ಹೊರಟವರು. ಹಾದು ಹೋಗುವ ಪ್ರತಿಯೊಬ್ಬರೂ ಸ್ಟಿಯರಿಂಗ್ ಮೇಲಿನ ಕೈಯಿಂದ ಒಂದೇ ಬೆರಳು ಎತ್ತುತ್ತಾರೆ. ಅದು ನಮಸ್ಕಾರ. ಮೊದಲ ದಿನ ನಾನು ಪೂರ್ತಿ ಕೈಯೆತ್ತಿ ಬೀಸುತ್ತಿದ್ದೆ. ಮೂರನೆಯ ದಿನದ ಹೊತ್ತಿಗೆ ನನ್ನ ನಮಸ್ಕಾರವೂ ಒಂದು ಬೆರಳಿಗೆ ಇಳಿದಿತ್ತು.

ಫಲಕಗಳಲ್ಲಿ ಗೇಲಿಕ್ ಹೆಸರು ಮೊದಲು, ಕೆಲವೆಡೆ ಅದೊಂದೇ. ಲಾಕ್‌ಬಾಯ್ಸ್‌ಡೇಲ್, ಡಾಲಿಬರ್ಗ್, ಆಸ್ಕರ್ನಿಶ್ ಮೂರರ ಗೇಲಿಕ್ ರೂಪಗಳನ್ನು ಕಾಗದದ ಮೇಲೆ ಬರೆದು ಕಾರಿನಲ್ಲಿಟ್ಟುಕೊಳ್ಳಿ; ನಕ್ಷೆಯನ್ನು ಜಾಲವಿಲ್ಲದೆಯೂ ತೆರೆಯುವಂತೆ ಫೋನಿಗೆ ಇಳಿಸಿಕೊಳ್ಳಿ. ಪೆಟ್ರೋಲು ಅರ್ಧಕ್ಕೆ ಇಳಿದಾಗಲೇ ತುಂಬಿಸಿ. ಆಸ್ಪತ್ರೆ ಇರುವುದು ಬೆನ್‌ಬೆಕ್ಯುಲಾದ ಬಾಲಿವಾನಿಚ್‌ನಲ್ಲಿ. ತುರ್ತು ಕರೆಗೆ 999.

ಎಂಟನೆಯ ಹಂತ: ಆಟ

ಮೊದಲ ಆರು ಹೋಲ್‌ಗಳು ಹೆಚ್ಚುಕಡಿಮೆ ಸಮತಟ್ಟಾದ ಮಖರ್ ಮೇಲೆ. ಇಷ್ಟು ದೂರ ಬಂದದ್ದು ಇದಕ್ಕೇ ಏನು ಎಂದು ಜೊತೆಯವರು ಗೊಣಗಲು ಶುರುಮಾಡುವುದು ಇಲ್ಲೇ. ಅವರಿಗೆ ಏಳನೆಯ ಟೀ ತನಕ ತಾಳಲು ಹೇಳಿ. ಎತ್ತರದ ದಿಬ್ಬದ ಮೇಲಿನ ಆ ಟೀ ಏರಿದರೆ ಕೆಳಗೆ ಮರಳುದಿಬ್ಬಗಳ ನಡುವೆ ಹಸಿರು ಕಣಿವೆ, ಪಕ್ಕದಲ್ಲೇ ಕಣ್ಣು ಹಾಯುವಷ್ಟು ಅಟ್ಲಾಂಟಿಕ್. ಅಲ್ಲಿಂದ ಮುಂದೆ ಕೋರ್ಸಿನ ಗುಣವೇ ಬೇರೆ.

ಬೆಂಗಳೂರಿನ ಕೋರ್ಸುಗಳಲ್ಲಿ ನೀರು ಕುಡಿದು ಮೆತ್ತಗಾದ ಹುಲ್ಲಿನ ಮೇಲೆ ಚೆಂಡನ್ನು ಎತ್ತರಕ್ಕೆ ಹೊಡೆದು ಗ್ರೀನ್ (ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸು) ಮೇಲೆ ಬೀಳಿಸಿ ನಿಲ್ಲಿಸುವುದು ನಮಗೆ ಅಭ್ಯಾಸ. ಮರಳ ಮೇಲಿನ ಈ ತೆಳು ಹುಲ್ಲು ಗಟ್ಟಿ. ಗ್ರೀನ್ ಮೇಲೆ ಬಿದ್ದ ಚೆಂಡು ಪುಟಿದು ಅದರಾಚೆಗೆ ಹೋಗಿಬಿಡುತ್ತದೆ. ಆದ್ದರಿಂದ ಗ್ರೀನ್‌ಗೆ ಹತ್ತಿಪ್ಪತ್ತು ಗಜ ಈಚೆಗೇ ಬೀಳಿಸಿ ಉರುಳಿಸಬೇಕು. ಗ್ರೀನ್‌ನಿಂದ ಇಪ್ಪತ್ತು ಗಜ ಹೊರಗಿದ್ದರೂ ಪಟರ್ ಹಿಡಿಯಲು ಸಂಕೋಚ ಬೇಡ. ಅಲ್ಲಿ ಲಾಬ್ ವೆಜ್ ಎತ್ತಿದವರ ಪೈಕಿ ಅರ್ಧ ಜನ ನೆಲ ಕೆರೆದು, ಉಳಿದರ್ಧ ಚೆಂಡಿನ ನೆತ್ತಿಗೆ ಹೊಡೆದು ಪಶ್ಚಾತ್ತಾಪ ಪಡುತ್ತಾರೆ.

ಎದುರು ಗಾಳಿಗೆ ಬಲ ಹಾಕಿ ಹೊಡೆದರೆ ಚೆಂಡಿಗೆ ಬ್ಯಾಕ್‌ಸ್ಪಿನ್ (ಹಿಂದುಹಿಂದಕ್ಕೆ ತಿರುಗುವ ಗತಿ) ಹೆಚ್ಚಾಗಿ ಅದು ಇನ್ನೂ ಮೇಲೇರಿ ಸತ್ತು ಬೀಳುತ್ತದೆ. ಎರಡು ಕ್ಲಬ್ ದೊಡ್ಡದನ್ನು (ಹೆಚ್ಚು ದೂರ ಹೊಡೆಯುವುದನ್ನು) ತೆಗೆದು, ಹಿಡಿತವನ್ನು ಒಂದಂಗುಲ ಕೆಳಗಿಳಿಸಿ, ಚೆಂಡನ್ನು ಬಲಗಾಲಿನ ಕಡೆಗೆ ಸರಿಸಿ, ಮುಕ್ಕಾಲು ಬೀಸಿನಲ್ಲಿ ನಿಧಾನ ಹೊಡೆಯಬೇಕು. ಎಡಗೈಯವರು ದಿಕ್ಕು ತಿರುಗಿಸಿಕೊಳ್ಳಲಿ. ಹನ್ನೊಂದನೆಯದು ಕಮರಿಯೊಂದನ್ನು ದಾಟಿ ಸಮುದ್ರದತ್ತ ಹೊಡೆಯುವ ಪಾರ್ ಮೂರರ (ಮೂರು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್. ನಾನು ಆಡಿದ ಸಂಜೆ ಗಾಳಿ ನೇರ ಮುಖಕ್ಕೆ ಬೀಸುತ್ತಿತ್ತು. ಐದನೆಯ ಐರನ್ ಹಿಡಿದವನು ಯೋಚಿಸಿ ಚೀಲಕ್ಕೆ ಮರಳಿಸಿ ಡ್ರೈವರ್ ತೆಗೆದೆ, ಜೊತೆಯವರು ನಕ್ಕರು. ಚೆಂಡು ಕಮರಿ ದಾಟಿ ಗ್ರೀನ್‌ನ ಎಡ ಅಂಚಿನ ಮೇಲೆ ಒಂದು ಕ್ಷಣ ನಿಂತಂತೆ ಕಂಡು, ಅಲ್ಲಿಂದ ಗಾಳಿಗೆ ಹಿಂದಕ್ಕೇ ಉರುಳಿ ಇಳಿಜಾರಿನ ಹುಲ್ಲಲ್ಲಿ ಸಿಕ್ಕಿಕೊಂಡಿತು. ಮುಂದಿನ ಹೋಲಿನಲ್ಲಿ ಅದೇ ಗಾಳಿ ಬೆನ್ನಿಗೆ ಬಂತು. ಗಾಳಿ ಬಂದಾಗ ತೂರಿಕೊ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಹದಿನಾರನೆಯ ಹೋಲಿಗೆ ಓಲ್ಡ್ ಟಾಮ್ಸ್ ಪುಲ್ಪಿಟ್ ಎಂದು ಹೆಸರು. ಗ್ರೀನ್ ಒಂದು ಏಣಿನ ಮೇಲೆ ಕುಳಿತಿದೆ. ಇಲ್ಲಿ ಮಾತ್ರ ಉದ್ದ ಹೋಗುವುದಕ್ಕಿಂತ ಗಿಡ್ಡ ಉಳಿಯುವುದು ಲೇಸು. ಗ್ರೀನ್‌ನ ಆಚೆಗೆ ಜಾರಿದ ಚೆಂಡನ್ನು ಮೇಲೆ ತರಲು ನನಗೆ ನಾಲ್ಕು ಹೊಡೆತ ಬೇಕಾಯಿತು.

ನಿಯಮಗಳಲ್ಲಿ ಮೂರು ಇಲ್ಲಿ ದಿನವೂ ಬೇಕಾಗುತ್ತವೆ. ಚೆಂಡು ಮೊಲದ ಬಿಲದೊಳಗೆ ಹೋದರೆ ಅಥವಾ ಬಿಲ ನಿಮ್ಮ ನಿಲುವಿಗೆ ಅಡ್ಡ ಬಂದರೆ 16ನೆಯ ನಿಯಮದ ಪ್ರಕಾರ ದಂಡವಿಲ್ಲದೆ ಡ್ರಾಪ್ ಮಾಡಬಹುದು (ಚೆಂಡನ್ನು ಪಕ್ಕಕ್ಕೆ ಬೀಳಿಸಿ ಆಡಬಹುದು), ಬಿಲಗಳು ಸಾಕಷ್ಟಿವೆ. ಸಗಣಿ, ಕುರಿಹಿಕ್ಕೆ ಸಡಿಲ ವಸ್ತುಗಳ ಲೆಕ್ಕಕ್ಕೆ ಬರುವುದರಿಂದ ಚೆಂಡು ಅಲುಗದ ಹಾಗೆ ಅವನ್ನು ಸರಿಸಬಹುದು. ಹುಡುಕಲು ಇರುವುದು ಮೂರೇ ನಿಮಿಷ. ಚೆಂಡು ಉದ್ದ ಹುಲ್ಲಿಗೆ ಬಿದ್ದ ಅನುಮಾನ ಬಂದರೆ ಪ್ರಾವಿಷನಲ್ ಚೆಂಡು (ಮೊದಲನೆಯದು ಸಿಗದಿದ್ದರೆ ಆಡಲು ಇನ್ನೊಂದು) ಹೊಡೆದೇ ಮುಂದೆ ನಡೆಯಿರಿ.

ನೆಲದ ಮರ್ಯಾದೆ

ಈ ನೆಲ ಕೇವಲ ಗಾಲ್ಫ್ ಆಟಗಾರರದ್ದಲ್ಲ. ಕ್ರಾಫ್ಟರ್‌ಗಳೆಂದು ಕರೆಯುವ ಸಣ್ಣ ಗೇಣಿದಾರ ರೈತರು ಮಖರ್ ಅನ್ನು ಒಟ್ಟಾಗಿ ಮೇವಿಗೆ ಬಳಸುವ ಹಕ್ಕು ಉಳ್ಳವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಂದಿನ ಒಡೆಯ ಕರ್ನಲ್ ಜಾನ್ ಗಾರ್ಡನ್ ಇಲ್ಲಿನ ರೈತರನ್ನು ಒಕ್ಕಲೆಬ್ಬಿಸಿ ಕೆನಡಾದ ಹಡಗು ಹತ್ತಿಸಿದ್ದ. ಗಾಲ್ಫ್ ಕೋರ್ಸ್ ಮಾಡಿಸಿದ ಒಡತಿ ಆ ಮನೆಯ ಸೊಸೆ. 2006ರಲ್ಲಿ ದ್ವೀಪವಾಸಿಗಳೇ ಸ್ಟೋರಸ್ ಯುಯಿಸ್ಟ್ ಎಂಬ ಸಮುದಾಯ ಸಂಸ್ಥೆಯ ಮೂಲಕ ಈ ಎಸ್ಟೇಟನ್ನು ಕೊಂಡುಕೊಂಡರು. ಕೋರ್ಸ್ ಮತ್ತೆ ಏಳುತ್ತಿದ್ದಾಗ ಕೆಲವು ಕ್ರಾಫ್ಟರ್‌ಗಳು ಮೇವಿನ ಹಕ್ಕಿನ ಪ್ರಶ್ನೆಯನ್ನು ಸ್ಕಾಟಿಷ್ ಭೂ ನ್ಯಾಯಾಲಯಕ್ಕೆ ಒಯ್ದದ್ದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದು ಬರಿಯ ತಂಟೆ ಅನ್ನಿಸುವುದಿಲ್ಲ. ಗೇಣಿ, ಗೋಮಾಳದ ಜಗಳ ಕಂಡ ನಮಗೆ ಅದು ಬೇಗ ಅರ್ಥವಾಗಬೇಕು. ಆದ್ದರಿಂದ ಗೇಟು ತೆರೆದರೆ ಮುಚ್ಚಿ, ದನಗಳಿದ್ದರೆ ಸುತ್ತಿ ಹೋಗಿ, ಬೇಲಿ ಹಾರಬೇಡಿ. ಬೇಸಿಗೆಯಲ್ಲಿ ಉದ್ದ ಹುಲ್ಲಿನೊಳಗಿಂದ ಬಾಚಣಿಗೆಯ ಹಲ್ಲನ್ನು ಉಗುರಿನಿಂದ ಗೀರಿದಂತೆ ಸದ್ದು ಬಂದರೆ ಅದು ಕಾರ್ನ್‌ಕ್ರೇಕ್ ಹಕ್ಕಿ. ಬ್ರಿಟನ್ನಿನ ಉಳಿದೆಡೆ ಬಹುಮಟ್ಟಿಗೆ ಅಳಿದು ಇಂಥ ದ್ವೀಪಗಳಲ್ಲಿ ಉಳಿದದ್ದು. ಚೆಂಡು ಆ ಕಡೆ ಹೋಗಿದ್ದರೆ ಬಿಟ್ಟುಬಿಡಿ.

ಗಾಳಿಯ ದಿನ ಏನು ಮಾಡಬೇಕು

ಗಂಟೆಗೆ ಇಪ್ಪತ್ತು ಮೈಲಿ ಗಾಳಿ ಇಲ್ಲಿ ಮಾಮೂಲು, ಆಡಿ. ನಲವತ್ತರ ಹತ್ತಿರ ಹೋದರೆ ಚೆಂಡು ಗ್ರೀನ್ ಮೇಲೆ ನಿಲ್ಲುವುದಿಲ್ಲ. ಆ ದಿನವನ್ನು ದ್ವೀಪಕ್ಕೆ ಕೊಡಿ. ಕಿಲ್ಡೊನನ್ ವಸ್ತುಸಂಗ್ರಹಾಲಯ ಹತ್ತಿರದಲ್ಲಿದೆ. 2001ರಲ್ಲಿ ಆದ ಸೇತುವೆ ರಸ್ತೆ ದಾಟಿ ಎರಿಸ್ಕೇಗೆ ಹೋಗಬಹುದು. 1941ರಲ್ಲಿ ವಿಸ್ಕಿ ತುಂಬಿದ ಎಸ್‌ಎಸ್ ಪೊಲಿಟಿಷಿಯನ್ ಹಡಗು ಒಡೆದದ್ದು ಅದರ ಕಡಲಲ್ಲೇ. ಎರಿಸ್ಕೇಯಿಂದ ನಲವತ್ತು ನಿಮಿಷದ ಹಡಗಿನಲ್ಲಿ ಬಾರಾ ದ್ವೀಪ. ಸಮುದ್ರದ ಇಳಿತ ನೋಡಿಕೊಂಡು ವಿಮಾನ ಮರಳ ದಂಡೆಯ ಮೇಲೆಯೇ ಇಳಿಯುವ ನಿಲ್ದಾಣ ಅಲ್ಲಿದೆ, ಒಂಬತ್ತು ಹೋಲ್‌ಗಳ ಕೋರ್ಸೂ ಇದೆ.

ಒಂದೆರಡು ದಿನ ಹೆಚ್ಚಿಗೆ ಇದ್ದವರು ಉತ್ತರಕ್ಕೆ ಬರ್ನರೇವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಒಂದು ಗಂಟೆಯ ಹಡಗಿನಲ್ಲಿ ಹ್ಯಾರಿಸ್‌ನ ಲೆವರ್‌ಬರ್ಗ್ ತಲುಪಿದರೆ ಸ್ಕಾರಿಸ್ಟಾದ ಒಂಬತ್ತು ಹೋಲ್‌ಗಳ ಕೋರ್ಸ್ ಸಿಗುತ್ತದೆ. ಅಲ್ಲಿ ಶುಲ್ಕವನ್ನು ನಂಬಿಕೆಯ ಪೆಟ್ಟಿಗೆಯಲ್ಲಿ ನೀವೇ ಹಾಕುವುದು ಹಳೆಯ ರೂಢಿ. ನಿಕ್ ಫಾಲ್ಡೋ ಆಡಲು ಬಂದಾಗ ಸಹಿ ಮಾಡಿಕೊಟ್ಟ ಐದು ಪೌಂಡಿನ ನೋಟನ್ನು ಕ್ಲಬ್ಬಿನವರು ಬ್ಯಾಂಕಿಗೆ ಕಟ್ಟದೆ ಒಂದು ಸ್ಪರ್ಧೆಯ ಬಹುಮಾನವಾಗಿಸಿದ್ದಾರೆ. ನೀವು ಹೋಗುವಾಗ ಚಿಲ್ಲರೆ ನೋಟು ಇಟ್ಟುಕೊಂಡಿರಿ, ಶನಿವಾರದೊಳಗೆ ಹೋಗಿ.